ತುಂಬಿದ ಹೊಳೆಯ ಫೋಟೋ

ನಮ್ಮ ಮನೆಯಲ್ಲಿ ಹೊಳೆಯ ಫೋಟೋಗಳಿಗೇನೂ ಬರವಿಲ್ಲ. ನಮ್ಮ ಮನೆಯವರ ಫೋನು ತೆರೆದರೆ ಇದ್ದ ಒಬ್ಬ ಮಗಳ ಮುಖಕ್ಕಿಂತ ಭೀಮಾ ಹೊಳೆಯೇ ಹೆಚ್ಚು. ಆದರೆ ತುಂಬಿದ ಹೊಳೆಯ ಫೋಟೋ ಮಾತ್ರ ಒಂದೂ ಇರಲಿಲ್ಲ.

ಅಫಜಲಪುರ ತಾಲ್ಲೂಕಿನಲ್ಲಿ ಹೊಳೆದಂಡೆಯ ಊರು ನಮ್ಮದು. ಓಣಿ ದಾಟಿ ಒಂದು ಕಬ್ಬಿನ ಹೊಲ ದಾಟಿದರೆ ನೀರು. ದಿನಾ ಮುಂಜಾನೆ ಇವರು ದಂಡೆಯ ಮೇಲಿನ ಪಂಪಿನ ಮೋಟರ್ ನೋಡಿ ಬರಲು ಹೋಗುತ್ತಾರೆ. ಹೋದವರು ನಿಂತಲ್ಲೇ ನಿಂತು ಒಂದು ಫೋಟೋ ಹೊಡೆದು ರೈತರ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಮೋಟರ್ ಮೇಲಕ್ಕೆ ಎಳೆಯಬೇಕೋ ಬೇಡವೋ ಎಂದು ಉಳಿದವರು ಅದನ್ನು ನೋಡಿ ತಿಳಿದುಕೊಳ್ಳುತ್ತಾರೆ. ಎಲ್ಲ ಫೋಟೋದಲ್ಲೂ ಅದೇ ಬಟ್ಟೆ ಒಗೆಯುವ ಕಲ್ಲು, ನೀರಿಗಿಳಿಯುವ ಅದೇ ಪಾವಟಿಗೆ, ಮೇಲೆ ದಂಡೆಯಲ್ಲಿ ಕಾಲು ಮಡಚಿ ಕೂತ ಅದೇ ಕಲ್ಲಿನ ಬಸವಣ್ಣ. ಮೂಲೆಯಲ್ಲಿ ಇವರ ಹೆಬ್ಬೆರಳಿನ ಮಸುಕು. ಆ ಬೆರಳು ತೆಗೆಯಿರಿ ಎಂದು ನಾನು ಹೇಳುತ್ತಲೇ ಇದ್ದೇನೆ.

ನೀರು ಏರಿ ಬಸವಣ್ಣನ ಗೊರಸು ಮುಟ್ಟಿತೆಂದರೆ ಹೊಳೆ ತುಂಬಿದಳು ಎಂದು ನಮ್ಮ ಓಣಿಯ ಲೆಕ್ಕ. ಅವತ್ತು ಹೆಂಗಸರೆಲ್ಲ ಹಸಿರು ಕುಪ್ಪಸದ ಖಣ, ತೆಂಗಿನಕಾಯಿ, ಅರಿಶಿನ ಬೇರು, ಬಳೆ ತಗೊಂಡು ಹೋಗಿ ಆಕೆಗೆ ಉಡಿ ತುಂಬಿ ಬರುತ್ತೇವೆ. ಆಮೇಲೆ ನೀರು ಇಳಿದು ಗೊರಸು ಮತ್ತೆ ಕಾಣುವ ತನಕ ಯಾರೂ ಹೊಳೆಯನ್ನು ದಿಟ್ಟಿಸಿ ನೋಡುವಂತಿಲ್ಲ, ಅಳೆಯುವಂತಿಲ್ಲ. ಅದು ನಮ್ಮತ್ತೆಯವರ ಅಪ್ಪಣೆ, ಅವರಿಗೆ ಅವರತ್ತೆಯಿಂದ ಬಂದದ್ದು.

"ಉಡಿ ತುಂಬಿದ ಬಸುರಿ ಹೊಟ್ಟಿ ಯಾರರೆ ಗೇಣು ಹಾಕಿ ಅಳೀತಾರೇನ? ದೃಷ್ಟಿ ಆಗ್ತದ" ಎನ್ನುತ್ತಿದ್ದರು. ಫೋನುಗಳು ಬಂದ ಮೇಲೆ ಆ ಅಪ್ಪಣೆ ಫೋನಿಗೂ ಹತ್ತಿತು. ಉಡಿ ತುಂಬಿದ ದಿನದಿಂದ ಗುಂಪಿನಲ್ಲಿ ಫೋಟೋ ನಿಂತುಹೋಗುತ್ತಿತ್ತು. ಅದರಲ್ಲಿ ಯಾರಿಗೂ ಕೊರತೆ ಕಾಣಲಿಲ್ಲ. ಅಷ್ಟು ಹೊತ್ತಿಗೆ ಎಲ್ಲರ ಮೋಟರ್‌ಗಳು ಮೇಲೆ ಬಂದಿರುತ್ತಿದ್ದವು.

ನಾನು ಆಳಂದದವಳು. ನನ್ನ ತವರಲ್ಲಿ ಹೊಳೆಯಿಲ್ಲ, ಆದ್ದರಿಂದ ಹೊಳೆಯ ಮಾತಿನಲ್ಲಿ ನಾನು ಬಾಯಿ ಹಾಕುತ್ತಿರಲಿಲ್ಲ.

ಮಗಳು ಕಲಬುರಗಿಯಲ್ಲಿ ಇಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದಾಗ ಪ್ರಾಜೆಕ್ಟಿಗೆಂದು ಅಪ್ಪನ ಫೋನಿನ ಆ ಫೋಟೋಗಳನ್ನೆಲ್ಲ ಇಳಿಸಿಕೊಂಡಳು. ಮಳೆ ಎಷ್ಟಾಯಿತು, ಮಹಾರಾಷ್ಟ್ರದ ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು, ಮುಂದೆ ಫೋಟೋದಲ್ಲಿ ನೀರು ಎಲ್ಲಿಗೆ ನಿಂತಿತ್ತು ಎಂದು ಜೋಡಿಸಿ ಜೋಡಿಸಿ ಕಂಪ್ಯೂಟರಿನಲ್ಲಿ ತಾನೇ ಕಟ್ಟಿದ ಒಂದು ನ್ಯೂರಲ್ ನೆಟ್‌ವರ್ಕಿಗೆ ಉಣಿಸಿದಳು.

"ಇದಕ್ಕ ಹೊಳಿ ಅಂದ್ರೇನು ಗೊತ್ತಿಲ್ಲ ಮಮ್ಮಿ. ನೋಡಿ ನೋಡಿ ರೂಢಿ ಆಗ್ತದ, ಅಷ್ಟ. ನಿನ್ನ ಕೈಗೆ ರೊಟ್ಟಿ ರೂಢಿ ಆದಂಗ."

ಆ ಮಳೆಗಾಲಕ್ಕೆ ಮಗಳು ರಜೆಯೆಂದು ಮನೆಗೆ ಬಂದಿದ್ದಳು. ಮೊದಲ ವಾರಗಳಲ್ಲಿ ಅವಳ ನೆಟ್‌ವರ್ಕು ಹೇಳಿದ್ದು ಹೇಳಿದ ಹಾಗೇ ಆಯಿತು. ನಾಳೆ ಒಗೆಯುವ ಕಲ್ಲು ಮುಳುಗುತ್ತದೆ ಎಂದರೆ ಮುಳುಗಿತು, ಇಳಿಯುತ್ತದೆ ಎಂದರೆ ಇಳಿಯಿತು. ಕೆಳಗೆ ಜೇವರ್ಗಿ ಕಡೆಯ ನೆಂಟರೂ ಫೋನು ಮಾಡಿ ಕೇಳತೊಡಗಿದರು. ಇವರು ಮಾತು ಮಾತಿಗೆ "ನಮ್ಮ ಮಗಳ ಮಷೀನ್" ಎನ್ನುತ್ತಿದ್ದರು. ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಕೂತು, "ನಿನ್ನ ಕಂಪ್ಯೂಟರ್‌ಗೆ ಕೇಳವ್ವಾ, ನಮ್ಮ ಸೊಸಿ ತವರುಮನಿಯಿಂದ ಯಾವಾಗ ಬರ್ತಾಳ ಅಂತ" ಎಂದಳು. ಮಗಳು, "ಆಕಿ ಹೋದದ್ದಷ್ಟ ನೋಡೇವ್ರಿ, ಬಂದದ್ದು ಒಮ್ಮಿನೂ ನೋಡಿಲ್ಲಲ್ರಿ" ಎಂದು ನಗಿಸಿದಳು.

ಅದೇ ಮಳೆಗಾಲದಲ್ಲಿ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ಕಲಬುರಗಿಯಲ್ಲಿ ಪ್ಲೇಟ್ ಹಾಕಿಸಿ ಕರೆತಂದಿದ್ದೆವು. ಎಲುಬು ಕೂಡುವ ತನಕ ಧಕ್ಕೆ ಆಗಬಾರದು, ಪ್ಲೇಟ್ ಸರಿದರೆ ಕಾಲು ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಪಡಸಾಲೆಯಲ್ಲಿ ಅವರ ಮಂಚ. ಕೊರಳ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಮಲಗಿದಲ್ಲೇ ಪೂಜೆ. ನಾನು ಅವರನ್ನು ಮಗ್ಗುಲಿಗೆ ಹೊರಳಿಸುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದೆ.

ಹೊಳೆಗೆ ಉಡಿ ತುಂಬಿದ ಮರುದಿನದ ಮಾತು ಇದು. ಅತ್ತೆಯವರು ಮಂಚದಿಂದಲೇ ತಮ್ಮ ಪಾಲಿನ ಬಳೆ ಕಳಿಸಿದ್ದರು. ಆಮೇಲೆ ಪದ್ಧತಿಯಂತೆ ಯಾರೂ ದಂಡೆಯ ಕಡೆ ಹೋಗಿರಲಿಲ್ಲ. ಮಳೆ ಬಿಟ್ಟಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದ ನೀರು ಬಚ್ಚಲ ಮೋರಿಯಲ್ಲಿ ಇಳಿಯದೆ ನಿಂತಿತು. ಕಡ್ಡಿ ಆಡಿಸಿದೆ. ಒಳಗಿಂದ ಗುಳುಗುಳು ಅಂದಿತೇ ಹೊರತು ಇಳಿಯಲಿಲ್ಲ. ಗೋಡೆಯ ಮೇಲೆ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಮೇಲಕ್ಕೆ ಹೊರಟಿದ್ದವು.

ಡ್ಯಾಮಿನಿಂದ ಬಹಳ ನೀರು ಬಿಟ್ಟಿದ್ದಾರೆಂದು ಸುದ್ದಿ ಬಂತು. ನಮ್ಮೂರಿಂದ ದೊಡ್ಡ ರಸ್ತೆಗೆ ಸೇರಬೇಕಾದರೆ ನಡುವೆ ಒಂದು ಹಳ್ಳ, ಅದರ ಮೇಲೆ ತಗ್ಗಿನ ಸೇತುವೆ. ಹೊಳೆ ಏರಿದರೆ ನೀರು ಹಳ್ಳದಲ್ಲಿ ಹಿಂದಕ್ಕೆ ನುಗ್ಗಿ ಸೇತುವೆ ಮುಳುಗುತ್ತದೆ. ಮುಳುಗಿದ ಮೇಲೆ ಮಂಚ ಹಿಡಿದ ಮುದುಕಿಯನ್ನು ದಾಟಿಸುವ ದಾರಿಯೇ ಇಲ್ಲ. ಈಗಲೇ ಹೊರಡಿಸೋಣವೆಂದರೆ ಆ ತಗ್ಗು ಕುಣಿ ಬಿದ್ದ ರಸ್ತೆಯಲ್ಲಿ ಸೊಂಟದ ಪ್ಲೇಟ್ ಏನಾಗುತ್ತದೋ.

ಮಗಳು ಲ್ಯಾಪ್‌ಟಾಪ್ ತಗೊಂಡು ಅಜ್ಜಿಯ ಮಂಚದ ಪಕ್ಕ ಕೂತಳು. ಪರದೆಯ ಮೇಲೆ ನೀರಿನ ಗೆರೆ ಒಗೆಯುವ ಕಲ್ಲು ದಾಟಿತು, ಪಾವಟಿಗೆ ದಾಟಿತು, ಬಸವಣ್ಣನ ಗೊರಸಿನ ತುಸು ಮೇಲೆ ಹೋಗಿ ಅಡ್ಡವಾಯಿತು.

"ಗೊರಸಿನ ತನಕ ಅಷ್ಟ ಪಪ್ಪಾ. ಅದಕ್ಕಿಂತ ಮ್ಯಾಲ ಬರಂಗಿಲ್ಲ ಅಂತದ."

ಇವರು ಗೋಡೆಗೆ ಒರಗಿ ಕೂತರು. "ಮತ್ತೇನು ಫಿಕರ್? ಅವ್ವನ್ನ ಅಲ್ಲಾಡಿಸೋದು ಬ್ಯಾಡ."

ಅಷ್ಟರಲ್ಲಿ ಗುಂಪಿನಲ್ಲಿ ಮತ್ತೊಂದು ಸುದ್ದಿ ಬಂತು. ಮೊದಲು ಬಿಟ್ಟದ್ದರ ದುಪ್ಪಟ್ಟು ನೀರು ಬಿಟ್ಟರಂತೆ. ಮಗಳು ಅದನ್ನೂ ಹಾಕಿದಳು. ನಾನು ಚಹಾದ ತಟ್ಟೆ ಹಿಡಿದು ಅವಳ ಬೆನ್ನ ಹಿಂದೆ ನಿಂತಿದ್ದೆ. ಗೆರೆ ಮೇಲೆದ್ದು, ಇದ್ದಲ್ಲಿಗೇ ಬಂದು, ಅಡ್ಡ ಮಲಗಿತು. ದುಪ್ಪಟ್ಟು ನೀರಿಗೆ ಕೂದಲೆಳೆಯಷ್ಟೂ ಏರಲಿಲ್ಲ.

ನನ್ನ ಅಡುಗೆಮನೆಯಲ್ಲಿ ಒಂದು ಸ್ಪ್ರಿಂಗಿನ ತಕ್ಕಡಿ ಇದೆ. ಮುಳ್ಳು ಕೊನೆಗೆ ಹೋಗಿ ನಿಂತ ಮೇಲೆ ಅದಕ್ಕೆ ತೊಗರಿಯ ಚೀಲ ತೂಗುಹಾಕಿದರೂ ಅಷ್ಟೇ ತೋರಿಸುತ್ತದೆ.

ನಾನು ಓದಿದ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರುಗಳು ಮಾತಾಡುವ ಮೊದಲು ಕೈ ಎತ್ತಬೇಕೆಂದು ಕಲಿಸಿದ್ದರು. ಈಗಲೂ ನಾಲ್ಕು ಜನರ ನಡುವೆ ಮಾತಾಡಬೇಕಾದರೆ ನನ್ನ ಬಲಗೈ ತಾನಾಗಿ ತುಸು ಏಳುತ್ತದೆ. ತಟ್ಟೆಯ ಮೇಲಿನ ಕಪ್ಪುಗಳು ಕಟಕಟ ಅಂದವು. ಮಗಳು ತಿರುಗಿ ನೋಡಿದಳು.

"ಏನ್ ಮಮ್ಮಿ? ಕೈ ಎತ್ತಾಕತ್ತೀಯಲ್ಲ."

"ಒಂದು ಸುಳ್ಳು ಅಂಕಿ ಹಾಕಿ ನೋಡ್ತೀಯೇನವ್ವಾ? ಯಾವ ಡ್ಯಾಮೂ ಬಿಡಲಾರದಷ್ಟು?"

"ಆಟ ಆಡೋ ಹೊತ್ತೇನಿದು?" ಎಂದರು ಇವರು.

ಮಗಳು ನಗಲಿಲ್ಲ. ಒಂದರ ಮುಂದೆ ಸೊನ್ನೆ, ಸೊನ್ನೆ ಎಂದು ಒತ್ತುತ್ತಾ ಹೋದಳು. ಗೆರೆ ಗೊರಸಿನ ಮೇಲೆಯೇ ಕೂತಿತ್ತು. ಸಮುದ್ರವನ್ನೇ ತಂದು ಸುರಿದರೂ ಅದು ಬಸವಣ್ಣನ ಗೊರಸು ಬಿಟ್ಟು ಮೇಲೇಳುವ ಹಾಗೆ ಕಾಣಲಿಲ್ಲ.

ಅವಳ ಕಿವಿ ಕೆಂಪಾದವು. ಹೋಲಿಸಿ ನೋಡಲೆಂದು ಬೇರೆ ಬಗೆಯ ಇನ್ನೊಂದು ನೆಟ್‌ವರ್ಕನ್ನೂ ಅವೇ ಫೋಟೋಗಳಿಂದ ಕಲಿಸಿಟ್ಟಿದ್ದಳಂತೆ. ಅದನ್ನು ತೆರೆದು ಅದೇ ಸುಳ್ಳು ಅಂಕಿ ಹಾಕಿದಳು. ಅದರ ಗೆರೆ ಗೊರಸಿನ ತನಕ ಮೊದಲಿನದರ ಜೊತೆಯಲ್ಲೇ ಬಂದು, ಆಮೇಲೆ ಕೈ ಬಿಟ್ಟು ನೆಟ್ಟಗೆ ಮೇಲಕ್ಕೆ ಓಡಿ ಪರದೆಯಿಂದ ಹೊರಗೆ ಹೋಯಿತು.

"ಇದೇನು, ಹವಳಗಾ ಸಕ್ರಿ ಫ್ಯಾಕ್ಟರಿ ಚಿಮಣಿನೂ ಮುಳುಗಿಸ್ತಲ್ಲ!" ಎಂದರು ಇವರು. "ಖರೆ ಅಂಕಿ ಹಾಕು ಇದಕ್ಕ."

ಹಾಕಿದಳು. ನೀರು ನಮ್ಮ ಮಾಳಿಗೆಯ ಮೇಲೆ ಬರುತ್ತದೆ ಎಂದಿತು.

"ಎರಡರಾಗ ಯಾವುದು ಖರೆ?"

"ಎರಡೂ ಅಲ್ಲ ಪಪ್ಪಾ." ಅವಳ ದನಿ ಸಣ್ಣಗಾಗಿತ್ತು. "ಫೋಟೋ ಇರೋ ತನಕ ಎರಡೂ ಒಂದ ಮಾತು ಹೇಳ್ತಾವ. ಅದರಾಚೆ ಇದಕ್ಕ ಅಡ್ಡ ಮಲಗೋ ಗುಣ, ಅದಕ್ಕ ನೆಟ್ಟಗ ಓಡೋ ಗುಣ. ಕಟ್ಟುವಾಗ ನಾನ ಹಂಗ ಕಟ್ಟೇನಿ. ಹೊಳಿ ಮಾತಲ್ಲ ಅದು, ಅದರ ಗುಣದ ಮಾತು. ಪರೀಕ್ಷಾದಾಗ ಇದನ್ನ ಬರದು ಬಂದೇನಿ ನಾನು."

"ಇಷ್ಟು ಫೋಟೋ ಕೊಟ್ಟೇನಲ್ಲವ್ವಾ ನಾನು?"

"ಗೊರಸು ಮುಳುಗಿದ್ದು ಒಂದೂ ಕೊಟ್ಟಿಲ್ಲ."

ನಾವು ಮೂವರೂ ಮಂಚದ ಕಡೆ ನೋಡಿದೆವು. ಅತ್ತೆಯವರು ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

"ನನ್ನ ಮ್ಯಾಲ ಹಾಕಬ್ಯಾಡ್ರಿ" ಎಂದರು. "ನಾ ಹೊಳಿ ನೋಡಬ್ಯಾಡ್ರಿ ಅಂದೇನಿ. ಮಷೀನಿನ ಮಾತು ಕೇಳ್ರಿ ಅಂದಿಲ್ಲ."

ಮೋರಿ ಮತ್ತೆ ಗುಳುಗುಳು ಅಂದಿತು. ನಾನು ತಟ್ಟೆ ಕೆಳಗಿಟ್ಟೆ.

"ಅತ್ತಿ, ಒಮ್ಮಿ ಹೋಗಿ ನೋಡಿ ಬರ್ಲೇನ್ರಿ?"

ಅವರು ಕೈಯಲ್ಲಿದ್ದ ಲಿಂಗವನ್ನು ಕಣ್ಣಿಗೊತ್ತಿಕೊಂಡು ಎದೆಯ ಮೇಲಿಟ್ಟುಕೊಂಡರು. "ಆಳಂದದಾಕಿ, ನಿನಗೇನು ಗೊತ್ತು ಆಕಿ ಸಿಟ್ಟು? ಹೋಗು. ಖಾಲಿ ಕೈಲೆ ಹೋಗಬ್ಯಾಡ, ಅರಿಶಿನ ಒಯ್ಯಿ."

ಮಗಳೂ ನಾನೂ ಒಂದೇ ಪ್ಲಾಸ್ಟಿಕ್ ಹೊದ್ದು ಹೋದೆವು. ಕಬ್ಬಿನ ಹೊಲದ ತನಕ ಹೋಗಬೇಕಾಗಿಯೇ ಬರಲಿಲ್ಲ. ಓಣಿ ಮುಗಿದಲ್ಲೇ ನೀರು ಕಂಡಿತು. ಕಬ್ಬಿನ ಗರಿಗಳ ತುದಿ ಮಾತ್ರ ಮೇಲಿದ್ದು, ಎಲ್ಲವೂ ಒಂದೇ ಕಡೆಗೆ ಬಾಗಿದ್ದವು. ದೂರದಲ್ಲಿ ಬಸವಣ್ಣನ ಎರಡು ಕೊಂಬು. ನಿನ್ನೆ ನಾವು ತೇಲಿಬಿಟ್ಟ ಹಸಿರು ಖಣಗಳಲ್ಲಿ ಒಂದು ಕೊಂಬಿಗೆ ಸಿಕ್ಕಿ ಪಟಪಟ ಬಡಿಯುತ್ತಿತ್ತು. ಅರಿಶಿನ ಬೇರನ್ನು ನೀರಿಗೆ ಹಾಕಿದೆ. ಆಮೇಲೆ ಮಗಳ ಫೋನಿನಿಂದ ಆ ಕೊಂಬುಗಳ ಫೋಟೋ ಹೊಡೆದೆ. ಹಿಂದಿನ ದಿನವಷ್ಟೇ ಹಣೆಗೆ ಕುಂಕುಮ ಇಟ್ಟುಕೊಂಡು ಆಕೆಗೆ ಉಡಿ ತುಂಬಿ ಬಂದವಳು ನಾನು. ಮೊದಲನೆಯದು ಮಸುಕಾಯಿತು. ಎರಡನೆಯದು ಬಂತು.

ಮನೆಗೆ ಬಂದು ಫೋನನ್ನು ಇವರ ಮುಂದೆ ಹಿಡಿದೆ. ಇವರು ನೋಡಿದವರೇ ಎದ್ದು ಟ್ರ್ಯಾಕ್ಟರ್ ತರಲು ಹೋದರು. ಗುಂಪಿಗೂ ಅದನ್ನು ಹಾಕಿದರು. ಒಂದಿಬ್ಬರು, "ಉಡಿ ತುಂಬಿದ ಮ್ಯಾಲ ಫೋಟೋ ಯಾಕ ಹೊಡದ್ರಿ?" ಎಂದು ಬರೆದರು. ಕೆಳ ಓಣಿಯವರು ಮಾತ್ರ ಏನೂ ಬರೆಯದೆ ದನ ಬಿಚ್ಚತೊಡಗಿದರು.

ಟ್ರೇಲರಿನಲ್ಲಿ ಜೋಳದ ಕಣಿಕೆ ಹಾಸಿ, ಅದರ ಮೇಲೆ ಗಾದಿ, ಗಾದಿಯ ಮೇಲೆ ಅತ್ತೆ. ಅವರ ಎರಡೂ ಕಾಲಿನ ನಡುವೆ ದಿಂಬಿಟ್ಟು ನಾನು ಹಿಡಿದುಕೊಂಡು ಕೂತೆ. ಒಂದೊಂದು ಕುಣಿಗೂ ಅವರು ಸೆರಗು ಕಚ್ಚುತ್ತಿದ್ದರು, ಕೂಗಲಿಲ್ಲ. ಸೇತುವೆಯ ಹತ್ತಿರ ಬಂದಾಗ ಇನ್ನೂ ಬೆಳಕಿತ್ತು. ಹಳ್ಳದ ನೀರು ಹಿಂದಕ್ಕೆ ಹರಿಯುತ್ತಿತ್ತು. ಅದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಸೇತುವೆಯ ಕಲ್ಲಿನ ಮೇಲೆ ತೆಳ್ಳಗೆ ನೀರು ಹರಡಿ, ಟೈರು ಹೋದಲ್ಲಿ ಸೀಳಿ ಮತ್ತೆ ಕೂಡುತ್ತಿತ್ತು. ನಡುವೆ ಒಂದು ಗಾಲಿ ಧಡ್ ಎಂದು ಇಳಿದು ಎದ್ದಿತು. ಅತ್ತೆಯವರ ಉಗುರು ನನ್ನ ಮಣಿಕಟ್ಟಿನಲ್ಲಿ ಇಳಿಯಿತು. ಇವರು ತಿರುಗಿ ನೋಡದೆ, "ಅವ್ವಾ, ಅವ್ವಾ" ಎನ್ನುತ್ತಲೇ ಟ್ರ್ಯಾಕ್ಟರ್ ಹೊಡೆದರು.

ಅಫಜಲಪುರದಲ್ಲಿ ಎಕ್ಸ್‌ರೇ ತೆಗೆದರು. ಪ್ಲೇಟ್ ಸರಿದಿತ್ತು. ಮತ್ತೆ ಕಲಬುರಗಿ, ಮತ್ತೆ ಆಪರೇಷನ್. ಆಮೇಲೆ ಆಳಂದದ ನನ್ನ ತವರಿನಲ್ಲಿ ಉಳಿದೆವು. ಸೇತುವೆ ಅದೇ ಸಂಜೆ ಮುಳುಗಿ ಬಹಳ ದಿನ ಮೇಲೆ ಬರಲಿಲ್ಲ. ಕೆಳ ಓಣಿಯ ಮನೆಗಳಲ್ಲಿ ನೀರು ನಿಂತಿತು. ನಮ್ಮ ಮನೆಯಲ್ಲಿ ಹೊಸ್ತಿಲ ತನಕ ಬಂದು, ಹೊಸ್ತಿಲ ಕುಂಕುಮ ತೊಳೆದುಕೊಂಡು ಹೋಯಿತು. ಒಳಗೆ ಬರಲಿಲ್ಲ. ಗೊರಸೂ ಅಲ್ಲ, ಮಾಳಿಗೆಯೂ ಅಲ್ಲ.

ಅತ್ತೆಯವರ ಬಲಗಾಲು ಈಗ ಎಡಗಾಲಿಗಿಂತ ತುಸು ಗಿಡ್ಡ. ವಾಕರ್ ಹಿಡಿದು ನಡೆಯುವಾಗ ಟಕ್ ಎಂದು ಒಂದು ಸಪ್ಪಳ, ಆಮೇಲೆ ಎಳೆದ ಸಪ್ಪಳ. ಅದು ಕೇಳಿದಾಗಲೆಲ್ಲ ಇವರು ಹೊಸ್ತಿಲ ಕಡೆ ನೋಡುತ್ತಾರೆ. "ಅವ್ವನ್ನ ಇಲ್ಲೇ ಬಿಟ್ಟಿದ್ರೂ ನಡೀತಿತ್ತೇನೋ" ಎಂದು ಒಮ್ಮೆ ಅಂದರು. ನನಗೂ ಗೊತ್ತಿಲ್ಲ. ಗಾಯದಲ್ಲಿ ಕೀವು ಹಿಡಿದಿದ್ದರೆ, ಜ್ವರ ಬಂದಿದ್ದರೆ, ಆ ಸೇತುವೆಯಾಚೆಯಿಂದ ಯಾರನ್ನು ಕರೆಯುತ್ತಿದ್ದೆವು ಎಂದು ಮಾತ್ರ ರೊಟ್ಟಿ ಬಡಿಯುವಾಗ ನೆನಪಾಗುತ್ತದೆ.

ಮಗಳು ಆ ಎರಡನೆಯ ಫೋಟೋವನ್ನೂ, ಆಮೇಲೆ ಊರವರು ತೋರಿಸಿದ ನೀರಿನ ಗುರುತುಗಳನ್ನೂ ಸೇರಿಸಿ ಮತ್ತೆ ಕಲಿಸಿದ್ದಾಳೆ. ಈಗ ಗೆರೆ ನಮ್ಮ ಹೊಸ್ತಿಲಿನ ಮಟ್ಟ ಮುಟ್ಟಿದೊಡನೆ ತುಂಡಾಗುತ್ತದೆ. ಅದರಾಚೆ ಪರದೆ ಖಾಲಿ. ಅತ್ತೆಯವರು ಕನ್ನಡಕ ಏರಿಸಿ ನೋಡಿ, "ಇಲ್ಲಿಗೆ ಯಾಕ ನಿಂತದ?" ಎಂದು ಕೇಳಿದರು.

"ಇದರ ಮ್ಯಾಲಿಂದು ಇದು ನೋಡಿಲ್ಲ ಆಯಿ. ನೋಡದಲ್ಲಿ ಬಾಯಿ ಮುಚ್ಕೊಂಡಿರು ಅಂತ ಹೇಳೇನಿ."

"ನಿಮ್ಮಪ್ಪಗೂ ಜರಾ ಕಲಿಸು ಅದನ್ನ" ಎಂದರು ಅತ್ತೆ.

ಈ ವರ್ಷ ನೀರು ಗೊರಸು ಮುಟ್ಟಿದಾಗ ಅವರೂ ವಾಕರ್ ಹಿಡಿದು ದಂಡೆಗೆ ಬಂದರು. ಖಣ, ಕಾಯಿ, ಬಳೆ ಎಲ್ಲ ಹಿಂದಿನಂತೆಯೇ ನಡೆಯಿತು. ಉಡಿ ತುಂಬಿ ಮುಗಿದ ಮೇಲೆ ಹೆಂಗಸರೆಲ್ಲ ಮುಖ ತಿರುಗಿಸಿ ಹೊರಟರು. ಅತ್ತೆಯವರೂ ಹೊಳೆಗೆ ಬೆನ್ನು ಮಾಡಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಗಟ್ಟಿಯಾಗಿ ಕಣ್ಣು ಮುಚ್ಚಿದರು.

"ಹ್ಞೂಂ, ಹೊಡಿ ಜಲ್ದಿ" ಎಂದರು ಮಗನಿಗೆ. "ಇನ್ನ ಏರ್ತಾಳ ಆಕಿ. ನಾಳಿಗೂ ಬಾ."

ಇವರು ಫೋನು ಎತ್ತಿದರು. ಹೆಬ್ಬೆರಳು ಮತ್ತೆ ಮೂಲೆಯಲ್ಲಿ ಬಂದಿದ್ದು ನನಗೆ ಕಂಡಿತು. ಈ ಸಲ ನಾನೇ ಹಿಂದಿನಿಂದ ಹೋಗಿ ಆ ಬೆರಳನ್ನು ಪಕ್ಕಕ್ಕೆ ಸರಿಸಿದೆ.