ದೊಡ್ಡಕ್ಷರದ ಅಂಜನಕ್ಕ

ಅಂಜನಕ್ಕನ ಎಡಗೈ ಕಿರುಬೆರಳು ಯಾವಾಗಲೂ ಕೀಬೋರ್ಡಿನ ಮೂಲೆಯ ಕಂಟ್ರೋಲ್ ಗುಂಡಿಯ ಮೇಲೇ ಇರುತ್ತಿತ್ತು. ಬಲಗೈ ಪ್ಲಸ್ ಒತ್ತಿದರೆ ಪರದೆಯ ಮೇಲಿನ ಅಕ್ಷರ ಹಿಗ್ಗುತ್ತಿತ್ತು, ಮೈನಸ್ ಒತ್ತಿದರೆ ಕುಗ್ಗುತ್ತಿತ್ತು. ಹಿಗ್ಗಿಸುವುದು, ಓದುವುದು, ಕುಗ್ಗಿಸುವುದು. ಹಿಂದೆ ಯಾರಾದರೂ ನಡೆದುಬಂದ ಸದ್ದಾದರೆ ಓದುವ ಮೊದಲೇ ಕುಗ್ಗಿಸುವುದು. ಪಕ್ಕದ ಕುರ್ಚಿಯಲ್ಲಿ ಕೂತ ನನಗೆ ಇದನ್ನು ನೋಡಿ ನೋಡಿ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ದಿನ ರೇಗಿ, ಕಳ್ಳತನ ಮಾಡುವವರೂ ಇಷ್ಟು ಹೆದರುವುದಿಲ್ಲ ಅಂದಿದ್ದೆ. ಅವಳು ನಕ್ಕಿದ್ದಳು.

ನಮ್ಮ ಆಫೀಸು ಎಲೆಕ್ಟ್ರಾನಿಕ್ ಸಿಟಿಯ ಒಂದು ಗಾಜಿನ ಕಟ್ಟಡದಲ್ಲಿದೆ. ಆಸ್ಪತ್ರೆಗಳಿಂದ ಬರುವ ವಿಮೆಯ ಬಿಲ್ಲುಗಳನ್ನು ನೋಡಿ ಕಂಪ್ಯೂಟರಿಗೆ ತುಂಬುವ ಕೆಲಸ. ಊರಲ್ಲಿ ನಮ್ಮವರು ಇದನ್ನೂ ಐಟಿ ಅನ್ನುತ್ತಾರೆ, ನಾನೂ ತಿದ್ದಲು ಹೋಗಿಲ್ಲ. ಬ್ರೌಸರಿನಲ್ಲಿ ಒಂದೇ ಪುಟ: ಎಡಕ್ಕೆ ಬಿಲ್ಲಿನ ಚಿತ್ರ, ಬಲಕ್ಕೆ ನಾವು ತುಂಬಬೇಕಾದ ಖಾಲಿ ಮನೆಗಳು. ಪುಟವನ್ನು ಶೇಕಡಾ ಎಂಬತ್ತಕ್ಕೆ ಇಳಿಸಿದರೆ ಎರಡೂ ಒಂದೇ ಪರದೆಯಲ್ಲಿ ಹಿಡಿಸುತ್ತವೆ, ಮೇಲೆ ಕೆಳಗೆ ಎಳೆದಾಡುವ ಗೋಜಿಲ್ಲ, ಕೆಲಸ ಬೇಗ ಸಾಗುತ್ತದೆ. ಹಾಗಾಗಿ ಎಲ್ಲರೂ ಎಂಬತ್ತರಲ್ಲೇ ಕೆಲಸ ಮಾಡಬೇಕೆಂದು ಟೀಮ್ ಲೀಡ್ ಭಾನುಪ್ರಕಾಶನ ಕಟ್ಟಪ್ಪಣೆ. ಅವನ ವಯಸ್ಸಿನ ಕಣ್ಣಿಗೆ ಎಂಬತ್ತೇನು, ಐವತ್ತಾದರೂ ಕಾಣುತ್ತದೆ. ನಲವತ್ತು ದಾಟಿದ ನಾವು ಪರದೆಗೆ ಮೂಗು ತಾಗಿಸಿ ಕೂರುತ್ತಿದ್ದೆವು.

ಅಂಜನಕ್ಕ ಸಿಂಗಸಂದ್ರದ ಹಳೇ ಮನೆತನದವಳು. ಗಂಡ ಮುತ್ತಣ್ಣನಿಗೆ ನೀರಿನ ಟ್ಯಾಂಕರ್ ಇದೆ. ಅಪಾರ್ಟ್‌ಮೆಂಟಿನವರು ನೀರಿಲ್ಲವೆಂದು ಬಾಯಿ ಬಡಿದುಕೊಂಡಷ್ಟೂ ಆತನಿಗೆ ಕೈತುಂಬ ಕೆಲಸ. ಅವಳು ದುಡಿಯಲೇಬೇಕೆಂದು ಯಾರೂ ಹೇಳಿರಲಿಲ್ಲ. ಹುಡುಗಿಯಾಗಿದ್ದಾಗ ಟೈಪಿಂಗ್ ಕಲಿತು ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದಳು. ಮದುವೆಯಾಗಿ, ಮಕ್ಕಳಾಗಿ, ಅವರು ದೊಡ್ಡವರಾಗುವವರೆಗೆ ಆ ಬೆರಳುಗಳು ಮುದ್ದೆ ಕಟ್ಟುತ್ತಿದ್ದವು. ಆಮೇಲೆ ಈ ಕೆಲಸ ಸಿಕ್ಕಿತು. ಕೆಲಸ ಸಿಕ್ಕ ದಿನ ಓರಗಿತ್ತಿಯರೆಲ್ಲ ಇವಳೇನು ಆಫೀಸರ್ ಆದಳಾ ಎಂದು ಆಡಿಕೊಂಡರಂತೆ. ಆದೆ ಅಂತಲೇ ಹೇಳಿದೆ ಎಂದು ನನ್ನ ಮುಂದೆ ಜಂಬ ಪಟ್ಟಳು. ಕುತ್ತಿಗೆಯ ಐಡಿ ಕಾರ್ಡ್ ಹಾಕಿಕೊಂಡೇ ಸೊಪ್ಪಿನ ಗಾಡಿಯವನ ಹತ್ತಿರ ಚೌಕಾಸಿ ಮಾಡುವ ಹೆಂಗಸು ಅವಳು. ನಮ್ಮ ಸಾಲಿನಲ್ಲಿ ಅವಳಷ್ಟು ಚುರುಕಾಗಿ ಟೈಪ್ ಮಾಡುವವರು ಇನ್ನೊಬ್ಬರಿರಲಿಲ್ಲ. ದಾವಣಗೆರೆಯಿಂದ ಬಂದು ಮೊದಲ ದಿನ ಕಕ್ಕಾಬಿಕ್ಕಿಯಾಗಿ ಕೂತಿದ್ದ ನನಗೆ ಕೆಲಸ ಕಲಿಸಿದವಳೂ ಅವಳೇ.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗುತ್ತಿದ್ದಳು, ಅದರ ಮೇಲೆ ಕ್ಯಾಂಟೀನಿನ ಜಿಲೇಬಿಯನ್ನೂ ನುಂಗುತ್ತಿದ್ದಳು. ಮೊದಮೊದಲು ಕದ್ದು ಪುಟವನ್ನು ನೂರಕ್ಕೆ ಏರಿಸಿಕೊಳ್ಳುತ್ತಿದ್ದವಳು, ಬೇಸಿಗೆ ಬರುವಷ್ಟರಲ್ಲಿ ನೂರಿಪ್ಪತ್ತೈದಕ್ಕೆ ಬಂದಿದ್ದಳು. ಮಳೆಗಾಲಕ್ಕೆ ನೂರೈವತ್ತು. ಬಿಲ್ಲಿನ ಗೆರೆಗಳು ನಡುವೆ ಸೊಟ್ಟಗಾದ ಹಾಗಿವೆ, ಈ ಆಸ್ಪತ್ರೆಯವರಿಗೆ ನೆಟ್ಟಗೆ ಸ್ಕ್ಯಾನ್ ಮಾಡಲೂ ಬರುವುದಿಲ್ಲ ಎಂದು ಬೈಯುತ್ತಿದ್ದಳು. ನಾನು ಬಗ್ಗಿ ನೋಡಿದರೆ ಗೆರೆಗಳು ನೆಟ್ಟಗೇ ಇದ್ದವು. ಸಕ್ಕರೆ ಕಾಯಿಲೆ ಕಣ್ಣಿಗೂ ಇಳಿಯುತ್ತದೆಂದು ಕೇಳಿದ್ದೆ. ಕಣ್ಣಿನ ಡಾಕ್ಟರಿಗೆ ತೋರಿಸು ಎಂದು ಗಂಟು ಬಿದ್ದೆ.

"ಕಣ್ಣು ಸರಿಯಾಗೈತೆ ಕಣಮ್ಮ ಹೇಮಾ, ಅಕ್ಷರ ಚಿಕ್ಕವು," ಅಂದಳು. "ದೊಡ್ಡದು ಮಾಡಿದ್ರೆ ಕಾಣ್ತದಲ್ಲ."

ಬ್ರೌಸರಿನ ಮುಂದೆ ಬದುಕು ಸವೆಸುವ ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಅದು. ಕಾಣದಿದ್ದರೆ ಒಂದು ಗುಂಡಿ ಒತ್ತಿದರಾಯಿತು, ಇನ್ನೂ ಕಾಣದಿದ್ದರೆ ಇನ್ನೊಂದು ಸಲ. ರೋಗ ಏರಿದಂತೆ ಪುಟವೂ ಏರುತ್ತಿತ್ತು, ಆದ್ದರಿಂದ ರೋಗ ಏರಿದ್ದೇ ಅವಳಿಗೆ ತಿಳಿಯಲಿಲ್ಲ. ತಿಳಿದರೂ ಒಪ್ಪಿಕೊಳ್ಳುವ ಜಾಯಮಾನ ಅವಳದಲ್ಲ. ಆಫೀಸಿನಲ್ಲೇ ಕಣ್ಣಿನ ತಪಾಸಣೆ ಇಟ್ಟಾಗ, ಸಾಲಿನಲ್ಲಿ ಮುಂದಿದ್ದವರು ಓದುವುದನ್ನು ಕೇಳಿ ಕೇಳಿ ಬೋರ್ಡಿನ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸಿ ಬಂದಳು. ಊಟದ ಹೊತ್ತಿಗೆ ಅದನ್ನೇ ಹೇಳಿಕೊಂಡು ನಕ್ಕಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವತ್ತು ಅವಳ ಡಬ್ಬಿಯ ಸಾರು ಮುಟ್ಟಲಿಲ್ಲ.

ಬ್ರೌಸರಿಗೆ ಒಂದು ಬುದ್ಧಿ ಇದೆ. ಪುಟವನ್ನು ಯಾವ ಅಳತೆಗೆ ಬಿಟ್ಟು ಹೋದಿರೋ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ಅದೇ ಅಳತೆಯಲ್ಲಿ ತೆರೆಯುತ್ತದೆ. ಮನೆಗೆ ಹೊರಡುವ ಗಡಿಬಿಡಿಯಲ್ಲಿ ಅಂಜನಕ್ಕ ಕೆಲವು ಸಲ ಕುಗ್ಗಿಸುವುದನ್ನು ಮರೆತಳು. ಮುಂದಿನ ಪಾಳಿಯಲ್ಲಿ ಅದೇ ಕುರ್ಚಿಗೆ ಬರುತ್ತಿದ್ದವನು, ಯಾರೋ ದಿನವೂ ಪುಟ ಕೆಡಿಸಿ ಹೋಗುತ್ತಾರೆ ಎಂದು ದೂರು ಕೊಟ್ಟ. ಭಾನುಪ್ರಕಾಶ ಯಾರು ಎಂದು ಕೇಳಲಿಲ್ಲ, ಏಕೆ ಎಂದೂ ಕೇಳಲಿಲ್ಲ. ಕಂಪ್ಯೂಟರ್ ವಿಭಾಗಕ್ಕೆ ಹೇಳಿ ಎಲ್ಲರ ಪರದೆಯನ್ನೂ ಎಂಬತ್ತಕ್ಕೆ ಬೀಗ ಹಾಕಿಸಿಬಿಟ್ಟ. ಮಾರನೇ ಬೆಳಿಗ್ಗೆ ಅಂಜನಕ್ಕ ಪ್ಲಸ್ ಒತ್ತಿದಳು. ಪುಟ ಅಲುಗಲಿಲ್ಲ. ಮತ್ತೆ ಒತ್ತಿದಳು, ಕೀಬೋರ್ಡ್ ಕೆಟ್ಟಿದೆಯೇನೋ ಎಂದು ಎತ್ತಿ ಕೊಡವಿದಳು. ಆಮೇಲೆ ನನ್ನ ಕಡೆ ತಿರುಗಿದಳು.

ಅಂದಿನಿಂದ ಅವಳ ಬಿಲ್ಲುಗಳನ್ನು ನಾನು ಮೆಲ್ಲಗೆ ಓದಿ ಹೇಳತೊಡಗಿದೆ, ಅವಳು ಟೈಪ್ ಮಾಡುತ್ತಿದ್ದಳು. ಬೆರಳುಗಳೇನೋ ಮೊದಲಿನಷ್ಟೇ ಚುರುಕು. ನನ್ನ ಕೆಲಸ ಹಿಂದೆ ಬಿತ್ತು, ಬೈಸಿಕೊಂಡೆ, ಬೈಸಿಕೊಂಡ ಸಿಟ್ಟನ್ನೆಲ್ಲ ಅವಳ ಮೇಲೆ ತೀರಿಸಿದೆ. ಭಾನುಪ್ರಕಾಶನಿಗೆ ಬಾಯಿಬಿಟ್ಟು ಹೇಳು, ಅವನೇನು ಹುಲಿಯಲ್ಲ ಎಂದು ದಿನವೂ ಹೇಳುತ್ತಿದ್ದೆ. ಕೊನೆಗೊಂದು ದಿನ ಅವಳು ನನ್ನ ಕೈ ಹಿಡಿದುಕೊಂಡು ಉತ್ತರ ಕೊಟ್ಟಳು.

"ಕಣ್ಣು ಕಾಣದೋಳು ಅಂತ ಗೊತ್ತಾದ್ರೆ ನಾಳೆನೇ ಮನೆಗೆ ಕಳಿಸ್ತಾರೆ. ಮನೇಲಿ ನಾನು ಬರೀ ಟ್ಯಾಂಕರ್ ಮುತ್ತಣ್ಣನ ಎಂಡ್ತಿ ಕಣೆ. ಇಲ್ಲಿ ನಾನು ಅಂಜನಮ್ಮ."

ಮಾರನೇ ದಿನವೂ ನಾನೇ ಓದಿ ಹೇಳಿದೆ.

ಅಣ್ಣನ ಮಗಳ ನಾಮಕರಣಕ್ಕೆಂದು ನಾನು ಊರಿಗೆ ಹೋದಾಗ ಅವಳು ಒಬ್ಬಳೇ ಕೂತಳು. ಒಂದು ಬಿಲ್ಲಿನ ಪಾಲಿಸಿ ಸಂಖ್ಯೆಯಲ್ಲಿ ಮೂರಿದ್ದ ಕಡೆ ಎಂಟು ಒತ್ತಿದಳು. ವಿಮೆ ತಿರಸ್ಕಾರವಾಯಿತು. ಯಾವುದೋ ಊರಿನ ಆಸ್ಪತ್ರೆಯಲ್ಲಿ, ಆಪರೇಷನ್ ಆಗಿ ಮನೆಗೆ ಹೊರಟಿದ್ದ ಹೆಂಗಸೊಬ್ಬಳು ಬಿಲ್ಲು ತೀರದೆ ಚೀಲ ಕಟ್ಟಿಕೊಂಡು ಸಂಜೆಯವರೆಗೆ ಮಂಚದ ಮೇಲೇ ಕೂರಬೇಕಾಯಿತು. ಅವಳ ಮಗ ಫೋನಿನಲ್ಲಿ ಕೂಗಾಡಿದ. ಆ ಕೂಗಾಟ ಮೇಲಿನವರ ಕಿವಿಗೂ ಬಿತ್ತು.

ನಾನು ಮರಳಿ ಬಂದ ದಿನ ಭಾನುಪ್ರಕಾಶ ಅವಳ ಕುರ್ಚಿಯ ಹತ್ತಿರವೇ ಬಂದು ನಿಂತ. ಇಷ್ಟು ಅನುಭವ ಇರುವವರು ಹೀಗೆ ಮಾಡಿದರೆ ಹೇಗೆ, ಮುಂದಿನ ತಿಂಗಳೂ ಇವರನ್ನು ಇಟ್ಟುಕೊಳ್ಳಿ ಎಂದು ಮೇಲಿನವರನ್ನು ನಾನು ಯಾವ ಬಾಯಲ್ಲಿ ಕೇಳಲಿ ಎಂದ. ಅಂಜನಕ್ಕ ತಲೆ ತಗ್ಗಿಸಿ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ನೀನು ಹಾಕಿಸಿದ ಬೀಗದಿಂದಲೇ ಇದೆಲ್ಲ ಆಗಿದ್ದು ಎಂದು ಒದರಿಬಿಟ್ಟೆ. ಸೊಳ್ಳೆಯಂಥ ಅಕ್ಷರ ಕೊಟ್ಟು ತಪ್ಪು ಹುಡುಕುತ್ತೀಯಾ, ಪುಟ ದೊಡ್ಡದು ಮಾಡಿಕೊಳ್ಳಲು ಬಿಟ್ಟಿದ್ದರೆ ಇವಳಷ್ಟು ಚೆನ್ನಾಗಿ ಈ ಮಹಡಿಯಲ್ಲಿ ಯಾರು ಮಾಡುತ್ತಿದ್ದರು ಎಂದೆ. ಏಕವಚನದಲ್ಲೇ ಬೈದೆ. ಇಡೀ ಸಾಲು ಟೈಪ್ ಮಾಡುವುದನ್ನು ನಿಲ್ಲಿಸಿತು.

ಅವನು ಸಿಟ್ಟಾಗುತ್ತಾನೆಂದುಕೊಂಡಿದ್ದೆ. ಆಗಲಿಲ್ಲ. ಮುಖ ಸಣ್ಣದು ಮಾಡಿಕೊಂಡ.

"ಮೊದ್ಲೇ ಹೇಳ್ಬಾರ್ದಿತ್ತಾ ಅಕ್ಕ? ಇಷ್ಟಕ್ಕೇನಾ?" ಎಂದು ಅಂಜನಕ್ಕನನ್ನು ಕೇಳಿದ.

ಅಲ್ಲಿಂದಲೇ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿ ಅವಳ ಪರದೆಯ ಬೀಗ ತೆಗೆಸಿದ. ಇನ್ನು ಮೇಲೆ ನಿಮಗೆಷ್ಟು ಬೇಕೋ ಅಷ್ಟು ಇಟ್ಟುಕೊಳ್ಳಿ, ಮೇಲಿನವರಿಗೆ ನಾನು ಹೇಳುತ್ತೇನೆ ಎಂದ. ನಾನು ಗೆದ್ದೆನೆಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅಂಜನಕ್ಕನ ಕೆಲಸ ಉಳಿಯಿತು ಎಂದು ಎಲ್ಲರ ಮುಖದಲ್ಲೂ ಗೆಲುವು.

ಭಾನುಪ್ರಕಾಶ ತಾನೇ ಬಗ್ಗಿ ಪ್ಲಸ್ ಒತ್ತಿದ. ನೂರು, ನೂರಿಪ್ಪತ್ತೈದು, ನೂರೈವತ್ತು. ಈಗ ಓದಿ ಎಂದ. ಅವಳು ಪರದೆಯತ್ತ ಬಾಗಿದಳು. ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದಳು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ. ಸಾಲಲಿಲ್ಲವೇನೋ ಎಂದು ಅವನು ಇನ್ನೂರಕ್ಕೆ ಏರಿಸಿದ, ಮುನ್ನೂರಕ್ಕೆ ಏರಿಸಿದ. ಬಲಗಡೆಯ ಮನೆಗಳೆಲ್ಲ ಪರದೆಯಿಂದ ಹೊರಗೆ ಸರಿದುಹೋದವು. ಐನೂರಕ್ಕೆ ಬಂದಾಗ ರೋಗಿಯ ಹೆಸರೊಂದೇ ಪರದೆ ತುಂಬ ನಿಂತಿತ್ತು: ಮಹಾಂತಮ್ಮ. ದೂರದಲ್ಲಿ ಕಾಫಿ ಮಷೀನಿನ ಹತ್ತಿರ ನಿಂತವರಿಗೂ ಅದು ಓದಲು ಬರುತ್ತಿತ್ತು. ಅದಕ್ಕಿಂತ ಮೇಲೆ ಬ್ರೌಸರ್ ಏರುವುದಿಲ್ಲ. ಅವನು ಸುಮ್ಮನೆ ಒತ್ತುತ್ತಲೇ ಇದ್ದ.

ಅಂಜನಕ್ಕ ಅವನ ಕೈಯನ್ನು ಕೀಬೋರ್ಡಿನಿಂದ ಮೆಲ್ಲಗೆ ಸರಿಸಿದಳು.

"ಸಾಕು ಬಿಡಪ್ಪ. ನಾನು ಎಲ್ಲಿ ನೋಡ್ತೀನೋ ಅಲ್ಲೇ ಕಾಣಾಕಿಲ್ಲ. ಸುತ್ತ ಇರೋದು ಕಾಣ್ತದೆ."

ಸೊಂಟದ ಮೇಲಿದ್ದ ನನ್ನ ಕೈ ತಾನಾಗಿ ಕೆಳಗಿಳಿಯಿತು. ಆ ಜಿಲೇಬಿಯನ್ನು, ಆ ಬೋರ್ಡಿನ ಬಾಯಿಪಾಠವನ್ನು ನೆನೆದು ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅಪ್ಪಿಕೊಂಡು ಅಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಅವಳು ಪರದೆಯ ಕಡೆಗೇ ಮುಖ ಮಾಡಿ ಕೂತಿದ್ದಳು. ಪರದೆ ಕಾಣದಿದ್ದರೂ, ಅದರ ಆಚೀಚೆ ಕುರ್ಚಿ ಬಿಟ್ಟೆದ್ದು ನಿಂತಿದ್ದವರೆಲ್ಲ ಅವಳಿಗೆ ಕಾಣುತ್ತಿದ್ದರು.

"ಮೊದ್ಲಿನಂಗೆ ಚಿಕ್ಕದು ಮಾಡ್ಬಿಡಪ್ಪ," ಅಂದಳು. "ಎಲ್ರೂ ನೋಡ್ತಾವ್ರೆ."