ಮಲಕಪ್ಪನ ಟಾಕೀಸಿನ ಸರಪಳಿ

ಬೇವೂರಿನ ಅಂದಪ್ಪ ಮೊದಲಿನಿಂದಲೂ ಚಡಪಡಿಸುವ ಮನುಷ್ಯನಾಗಿರಲಿಲ್ಲ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವಾಗ ಪರೀಕ್ಷೆಯ ಹಿಂದಿನ ದಿನವೂ ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಮೊದಲು ಮಲಗುತ್ತಿದ್ದವನು. ಸರಕಾರಿ ಇಂಜಿನಿಯರಾಗಿ ಹುನಗುಂದಕ್ಕೆ ಬಂದ ಮೇಲೂ ಅವನ ರೀತಿ ಬದಲಾಗಲಿಲ್ಲ. ಬೆಳಗ್ಗೆ ರಸ್ತೆ, ಮೋರಿ, ಶಾಲೆಯ ಗೋಡೆ ಎಂದು ಸುತ್ತುವುದು, ಮಧ್ಯಾಹ್ನ ರೊಟ್ಟಿ ಉಂಡು ಒಂದು ನಿದ್ದೆ ತೆಗೆಯುವುದು. ಹೆಂಡತಿ ಗುರುಲಿಂಗವ್ವ ಇಳಕಲ್ಲಿನ ನೇಕಾರರ ಓಣಿಯವಳು. "ನಮ್ಮನಿಯವರಿಗೆ ಮಾಳಿಗಿ ಬಿದ್ರೂ ಎಚ್ಚರಾಗೂದಿಲ್ಲ" ಎಂದು ತವರಿನವರ ಮುಂದೆ ಹೇಳಿ ನಗುತ್ತಿದ್ದಳು.

ಆ ನಿದ್ದೆ ಹಾರಿಹೋದದ್ದು ೧೯೮೧ರ ಬೇಸಿಗೆಯಲ್ಲಿ.

ಇಳಕಲ್ಲಿನಲ್ಲಿ ಮಲಕಪ್ಪನ ಟಾಕೀಸು ಇತ್ತು. ವರ್ಷಕ್ಕೊಮ್ಮೆ ಅದರ ಲೈಸೆನ್ಸು ಹೊಸದಾಗಬೇಕಾದರೆ ಕಟ್ಟಡ ಗಟ್ಟಿಯಾಗಿದೆ, ಜನ ಹೊರಗೆ ಬರಲು ದಾರಿಗಳಿವೆ ಎಂದು ಇಂಜಿನಿಯರು ನೋಡಿ ಸಹಿ ಹಾಕಬೇಕು. ಅಂದಪ್ಪ ಒಂದು ಬೆಳಗ್ಗೆ ಹೋಗಿ ಎಲ್ಲವನ್ನೂ ನೋಡಿದ. ತಗಡಿನ ಛಾವಣಿ ಹೊತ್ತ ಕಬ್ಬಿಣದ ತೊಲೆಗಳು ನೆಟ್ಟಗಿದ್ದವು. ಗೋಡೆಯಲ್ಲಿ ಬಿರುಕಿರಲಿಲ್ಲ. ಎದುರಿನ ದೊಡ್ಡ ಬಾಗಿಲಲ್ಲದೆ ಗಂಡಸರ ಕಡೆಗೊಂದು, ಹೆಂಗಸರ ಕಡೆಗೊಂದು ಪಕ್ಕದ ಬಾಗಿಲು. ಎರಡೂ ಹಾರು ಹೊಡೆದು ಪೂರ್ತಿ ತೆರೆದಿದ್ದವು. ತಿರುಗಣಿಗೆ ಹೊಸದಾಗಿ ಎಣ್ಣೆ ಬಿಟ್ಟಿದ್ದರು. ಅಂದಪ್ಪ ಸಮಾಧಾನದಿಂದಲೇ ಸಹಿ ಹಾಕಿದ.

ಮುಂದೆ ಬಂದ ಅಮಾವಾಸ್ಯೆಗೆ ಗುರುಲಿಂಗವ್ವ ತವರಿಗೆ ಹೊರಟಳು. ಅಮಾವಾಸ್ಯೆಯೆಂದರೆ ಇಳಕಲ್ಲಿನಲ್ಲಿ ಮಗ್ಗಗಳಿಗೆ ರಜೆ. ಓಣಿಯ ಹೆಂಗಸರೆಲ್ಲ ಕೂಸುಗಳನ್ನು ಕಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ಹೋಗುವರು. ಅಂದಪ್ಪನೂ ಜೊತೆಗೆ ಹೋದ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅರ್ಧ ಪಿಚ್ಚರಿನ ಹೊತ್ತಿಗೆ ಸೆಕೆ ತಡೆಯಲಾರದೆ ಅವನು ಎದ್ದು, ಗಾಳಿಯಾದರೂ ಬರಲಿ ಎಂದು ಪಕ್ಕದ ಬಾಗಿಲಿನ ದಪ್ಪ ಪರದೆ ಸರಿಸಿದ. ಬಾಗಿಲು ಮುಚ್ಚಿತ್ತು. ಹಿಡಿಕೆಗಳ ನಡುವೆ ಸರಪಳಿ ಸುತ್ತಿ, ತೆಂಗಿನಕಾಯಿ ಗಾತ್ರದ ಬೀಗ ಜಡಿದಿದ್ದರು.

ಗೇಟು ಕಾಯುವ ಅಲ್ಲಾಸಾಬ ಓಡಿಬಂದ.

"ಹುಡುಗ್ರು ಟಿಕೀಟಿಲ್ದ ನುಗ್ತಾವ್ರಿ ಸಾಹೇಬ್ರ. ಅದಕ್ಕ ಧಣ್ಯಾರು ಕೀಲಿ ಹಾಕಿಸ್ಯಾರ."

"ಕೀಲಿಕೈ ಎಲ್ಲೈತಿ?"

"ಧಣ್ಯಾರ ಕಿಸೇದಾಗ."

"ಧಣಿ ಎಲ್ಲಿ?"

"ಅಮೀನಗಡಕ್ಕ ಹೋಗ್ಯಾರ್ರಿ. ಸಂಜಿಗೆ ಬರ್ತಾರ."

ಅಂದಪ್ಪ ಮತ್ತೆ ಕೂರಲಿಲ್ಲ. ಆಟ ಮುಗಿಯುವ ತನಕ ದೊಡ್ಡ ಬಾಗಿಲ ಬಳಿ ನಿಂತೇ ಇದ್ದ. ಗಂಡಸರ ಕಡೆ ಕತ್ತಲಲ್ಲಿ ಬೀಡಿಯ ಕೆಂಡಗಳು ಮಿನುಗುತ್ತಿದ್ದವು. ಹೆಂಗಸರ ಕಡೆ ಕೂಸುಗಳು ಅಳುತ್ತಿದ್ದವು. ಅದೇ ವರ್ಷದ ಫೆಬ್ರುವರಿಯಲ್ಲಿ ಬೆಂಗಳೂರಿನ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಮಕ್ಕಳು ಸತ್ತ ಸುದ್ದಿಯನ್ನು ಅವನು ಪೇಪರಿನಲ್ಲಿ ಓದಿ, ಅಯ್ಯೋ ಎಂದು ಮಡಿಚಿಟ್ಟಿದ್ದ. ಈಗ ಅದು ಮಡಿಕೆ ಬಿಚ್ಚಿಕೊಂಡು ಕಣ್ಣೆದುರು ನಿಂತಿತು.

ಹುನಗುಂದದ ಬಸ್ಸಿನಲ್ಲಿ ಗುರುಲಿಂಗವ್ವ ಮುಖ ಊದಿಸಿಕೊಂಡಿದ್ದಳು. "ನಡುವ ಎದ್ದು ಹೋದ್ರಿ. ಓಣ್ಯಾಗಿನವರು ಏನಂದ್ಕೊಂಡಾರು?"

"ಅದು ನಾ ಸಹಿ ಹಾಕಿದ ಬಾಗಲಾ."

"ನೀವು ನೋಡಿದ ದಿನ ತೆರದಿತ್ತಲ್ರಿ?"

"ಆ ದಿನ ಒಳಗ ಯಾರೂ ಇರ್ಲಿಲ್ಲ" ಎಂದ ಅಂದಪ್ಪ.

ಮರುದಿನವೇ ಮಲಕಪ್ಪನ ಮನೆಗೆ ಹೋದ. ಮಲಕಪ್ಪ ಕೆಟ್ಟ ಮನುಷ್ಯನೇನಲ್ಲ. ಊರಿನ ಮದುವೆಗಳಿಗೆ ಟಾಕೀಸಿನ ಕುರ್ಚಿಗಳನ್ನು ಪುಕ್ಕಟೆ ಕೊಡುತ್ತಿದ್ದವನು. ಅಮೀನಗಡದ ಕರದಂಟು ತಂದಿಟ್ಟು ಉಪಚಾರ ಮಾಡಿದ.

"ಸಾಹೇಬ್ರ, ಇಷ್ಟು ವರ್ಷಾತು. ಒಂದಿನಾರ ಬೆಂಕಿ ಬಿದ್ದೈತೇನ್ರಿ?"

"ಬಿದ್ದಮ್ಯಾಲೆ ನಿಮ್ಮ ಕಿಸೇದಾಗ ಕೀಲಿಕೈ ಹುಡುಕೂಣೇನು?"

ಮಲಕಪ್ಪ ನಕ್ಕು, ಟಾಕೀಸಿಗೆ ಕರೆದುಕೊಂಡು ಹೋಗಿ, ಅವನ ಕಣ್ಣೆದುರೇ ಎರಡೂ ಸರಪಳಿ ಬಿಚ್ಚಿಸಿದ. ವಾರದೊಳಗೆ ಅಂದಪ್ಪ ಹೇಳದೆ ಹೋಗಿ ಪರದೆ ಎತ್ತಿದರೆ ಸರಪಳಿಗಳು ಮತ್ತೆ ತಮ್ಮ ಜಾಗದಲ್ಲಿದ್ದವು.

ಬಾಗಲಕೋಟೆಗೆ ಹೋಗಿ ಮೇಲಿನ ಸಾಹೇಬರಿಗೆ ತಿಳಿಸಿದ. ಅವರು ತಲೆ ಎತ್ತದೆ ಕೇಳಿಸಿಕೊಂಡರು. "ನೀವು ಕಟ್ಟಡಕ್ಕ ಸಹಿ ಹಾಕೀರಿ ಅಂದಪ್ಪ, ಕೀಲಿಗೆ ಅಲ್ಲ. ನಿಮ್ಮ ಕೆಲಸ ಮುಗೀತು. ಸುಮ್ಮನ ತಲಿ ಕೆಡಿಸ್ಕೋಬ್ಯಾಡ್ರಿ." ಆಮೇಲೆ ಕಂಡ ಇನ್ನೊಬ್ಬ ಅಧಿಕಾರಿ, ಲೈಸೆನ್ಸು ಕೊಡುವುದು ವಿಜಾಪುರದ ಜಿಲ್ಲಾ ಕಚೇರಿ, ಅಲ್ಲಿಗೆ ಬರೆಯಿರಿ ಎಂದರು. ಬರೆದ. ಉತ್ತರ ಬರಲಿಲ್ಲ.

ಅಲ್ಲಿಂದ ಅವನಿಗೆ ಒಂದು ಹುಚ್ಚು ಹತ್ತಿತು. ಸಂಜೆ ಕೆಲಸ ಮುಗಿದ ಕೂಡಲೇ ಇಳಕಲ್ಲಿನ ಬಸ್ಸು ಹತ್ತುವುದು, ಟಿಕೀಟು ತೆಗೆಸಿ ಮೊದಲ ಆಟಕ್ಕೆ ನುಗ್ಗುವುದು, ಪರದೆ ಎತ್ತಿ ನೋಡುವುದು. ಅವನು ಬಸ್ ಸ್ಟ್ಯಾಂಡಿನಿಂದ ಬರುವುದು ಕಂಡರೆ ಸರಪಳಿ ಬಿಚ್ಚುವರು. ಅವನ ಬಸ್ಸು ಹೊರಳಿತೆಂದರೆ ಮತ್ತೆ ಸುತ್ತುವರು. ಅದು ಅವನಿಗೂ ಗೊತ್ತಿತ್ತು. ಆದರೂ ಒಂದು ಸಂಜೆಯೂ ತಪ್ಪಿಸುತ್ತಿರಲಿಲ್ಲ. ಒಂದು ಪಿಚ್ಚರನ್ನೂ ಅವನು ಪೂರ್ತಿ ನೋಡಲಿಲ್ಲ. ಆದರೂ ಊರಿನವರು ಅವನಿಗೆ ಪಿಚ್ಚರ್ ಇಂಜಿನಿಯರ ಎಂದು ಹೆಸರಿಟ್ಟರು. ಮಲಕಪ್ಪನಿಂದ ಏನೋ ಕೀಳಲು ನೋಡುತ್ತಿದ್ದಾನೆ ಎಂದವರೂ ಇದ್ದರು. ಆ ಮಾತು ಓಣಿಯಿಂದ ಓಣಿಗೆ ಹಾದು ಗುರುಲಿಂಗವ್ವನ ಕಿವಿಗೂ ಬಿತ್ತು.

ಅಂದು ಅವಳು ಅವನಿಗೆ ಅಡ್ಡವಾಗಿ ಹೊಸ್ತಿಲಲ್ಲಿ ನಿಂತಳು. "ಇನ್ನೆಷ್ಟು ದಿನ ಆ ಬಾಗಲಾ ಕಾಯ್ತೀರಿ?"

"ಗೊತ್ತಿಲ್ಲ."

"ಉಣ್ಣೂದು ಬಿಟ್ರಿ, ಮಕ್ಕೊಳ್ಳೂದು ಬಿಟ್ರಿ. ಮಂದಿ ಬಾಯಿಗೆ ಬಂದಂಗ ಆಡಾಕ ಹತ್ಯಾರ."

"ಏನ್ ಮಾಡ್ಲಿ ಹೇಳು. ಧಣಿಗೆ ಹೇಳಿದೆ. ಸಾಹೇಬ್ರಿಗೆ ಹೇಳಿದೆ. ವಿಜಾಪುರಕ್ಕ ಬರದೆ."

ಗುರುಲಿಂಗವ್ವ ಹೊಸ್ತಿಲು ಬಿಟ್ಟು ಸರಿಯಲಿಲ್ಲ. "ಎಲ್ಲಾರಿಗೂ ಹೇಳೀರಿ. ಒಳಗ ಕುಂದ್ರವರು ನಮ್ಮವ್ವ, ನಮ್ಮ ಓಣ್ಯಾಗಿನವರು. ಅವರಿಗೆ ಹೇಳೀರೇನು?"

"ಹೇಳಿದ್ರ ಮಂದಿ ಅಂಜಿ ಗದ್ದಲ ಆದೀತು" ಎಂದ ಅಂದಪ್ಪ.

"ಅಂಜಿದ್ರ ಅಂಜಲಿ" ಎಂದಳು ಅವಳು.

ಮುಂದಿನ ಅಮಾವಾಸ್ಯೆಗೆ ಗುರುಲಿಂಗವ್ವ ನಸುಕಿನ ಬಸ್ಸಿಗೇ ತವರಿಗೆ ಹೋದಳು. ತಾಯಿ ಸಿದ್ದವ್ವನನ್ನು ಕರೆದುಕೊಂಡು ಮನೆಮನೆಗೆ ತಿರುಗಿದಳು. ಮಧ್ಯಾಹ್ನ ಅಂದಪ್ಪ ಟಾಕೀಸಿನ ಎದುರಿಗೆ ಬಂದಾಗ ಹೆಂಗಸರು ಗುಂಪಾಗಿ ಹೊರಗೇ ನಿಂತಿದ್ದರು. ಯಾರೂ ಟಿಕೀಟಿನ ಕಿಂಡಿಯ ಕಡೆ ಸರಿಯುತ್ತಿರಲಿಲ್ಲ. ಒಳಗೆ ಗಂಡಸರು ಪಿಚ್ಚರು ಹಚ್ಚಿರೆಂದು ಸಿಳ್ಳೆ ಹೊಡೆಯುತ್ತಿದ್ದರು.

ಮಲಕಪ್ಪ ಹೊರಗೆ ಬಂದ. "ಯಾಕ ಯವ್ವಾ, ಬರೂದಿಲ್ಲೇನು?"

ಮಗ್ಗಕ್ಕೆ ನೂಲು ಸುತ್ತಿ ಸುತ್ತಿ ಬೆರಳು ಬಿರುಸಾದ ಸಿದ್ದವ್ವ ಕೈ ಚಾಚಿದಳು. "ಆ ಸರಪಳಿ ತಂದು ನನ್ನ ಕೈಯಾಗ ಕೊಡು ಮಲಕಪ್ಪ. ಆಮ್ಯಾಲೆ ಟಿಕೀಟು."

"ಹುಡುಗ್ರು ನುಗ್ತಾವ ಯವ್ವಾ."

"ನುಗ್ಗೂವು ನಮ್ಮ ಹುಡುಗ್ರ ಅಲ್ಲೇನು? ಅವರ ಕಿವಿ ನಾವು ಹಿಂಡತೇವಿ. ನಮ್ಮ ಮ್ಯಾಲೆ ಯಾಕ ಕೀಲಿ ಹಾಕ್ತಿ?"

ಮಲಕಪ್ಪ ಆ ಕಡೆ ಈ ಕಡೆ ನೋಡಿದ. ದೂರದಲ್ಲಿ ನಿಂತ ಅಂದಪ್ಪನನ್ನು ಕಂಡು ಹಲ್ಲು ಕಡಿದ. ಕೊನೆಗೆ ಕಿಸೆಗೆ ಕೈ ಹಾಕಿದ. ಬಿಚ್ಚಿಕೊಟ್ಟ ಹೆಂಗಸರ ಕಡೆಯ ಸರಪಳಿಯನ್ನು ಸಿದ್ದವ್ವ ಮನೆಗೆ ಒಯ್ದು ಎಮ್ಮೆ ಕಟ್ಟಿದಳು.

ಓಣಿಯವರು ಗೆದ್ದೆವೆಂದರು. ಅಂದಪ್ಪ ಮಾತ್ರ ಒಳಗೆ ಹೋಗಿ ಇನ್ನೊಂದು ಪರದೆ ಎತ್ತಿ ನೋಡಿದ. ಗಂಡಸರ ಕಡೆಯ ಸರಪಳಿ ಇನ್ನೂ ಅಲ್ಲೇ ಇತ್ತು. ಗಂಡಸರು ಇದನ್ನು ಹೆಂಗಸರ ರಗಳೆಯೆಂದು ನಕ್ಕುಬಿಟ್ಟಿದ್ದರು. ಸಾಲದ್ದಕ್ಕೆ, ತೆರೆದ ಬಾಗಿಲಿನಿಂದ ಹುಡುಗರು ಖರೆಯೇ ಹಿಂಡುಹಿಂಡಾಗಿ ನುಗ್ಗತೊಡಗಿದರು. ಇಂದಲ್ಲ ನಾಳೆ ಮಲಕಪ್ಪ ಹೊಸ ಸರಪಳಿ ತರುವುದು ಖಂಡಿತ ಎಂದು ಅಂದಪ್ಪನಿಗೆ ಅನಿಸಿತು. ಆ ಮನುಷ್ಯನ ಕಷ್ಟವೂ ಸುಳ್ಳಲ್ಲ. ಇಷ್ಟು ದಿನ ತಾನು ಪೊಲೀಸನ ಹಾಗೆ ಪರದೆ ಎತ್ತಿ ನೋಡಿದೆನೇ ಹೊರತು ಇಂಜಿನಿಯರನ ಹಾಗೆ ಒಮ್ಮೆಯೂ ಯೋಚಿಸಲಿಲ್ಲವಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಹುನಗುಂದದ ಕಮ್ಮಾರ ಹುಲ್ಲಪ್ಪನ ಕುಲುಮೆಯ ಮುಂದೆ ಕೂತು, ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು ತೋರಿಸಿದ. ಬಾಗಿಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ. ಒಳಗಿನಿಂದ ಮೈಭಾರ ಬಿದ್ದರೆ ಸಾಕು, ಅಗಳಿ ಕಳಚಿ ಬಾಗಿಲು ತೆರೆಯಬೇಕು. ಹೊರಗಿನಿಂದ ಎಷ್ಟು ಎಳೆದರೂ ತೆರೆಯಬಾರದು. ಮೊದಲು ಮಾಡಿದ್ದು ಸಿಕ್ಕಿಬಿತ್ತು. ಎರಡನೆಯದು ತಾನಾಗಿಯೇ ಕಳಚಿಕೊಂಡಿತು. ಮೂರನೆಯದನ್ನು ಟಾಕೀಸಿಗೆ ಒಯ್ದು ಹೆಂಗಸರ ಕಡೆಯ ಬಾಗಿಲಿಗೆ ಕೂಡಿಸಿದರು. ಮಲಕಪ್ಪ ಹೊರಗಿನಿಂದ ಜಗ್ಗಿ ನೋಡಿದ. ಅಲ್ಲಾಸಾಬನೂ ಜಗ್ಗಿದ. ಬಾಗಿಲು ಅಲುಗಲಿಲ್ಲ. ಆಮೇಲೆ ಒಳಗೆ ಹೋಗಿ ಸಿದ್ದವ್ವ ಬರೀ ಬೆನ್ನು ಆನಿಸಿದಳು. ಬಾಗಿಲು ಹಾರು ಹೊಡೆದು ಅವಳು ಬೀಳುವುದರಲ್ಲಿದ್ದಳು.

"ಇದನ್ನ ಮೊದಲ ಹೇಳಬಾರದಿತ್ತೇನ್ರಿ ಸಾಹೇಬ್ರ?" ಎಂದ ಮಲಕಪ್ಪ.

"ಮೊದಲ ಹೊಳೀಲಿಲ್ಲ" ಎಂದ ಅಂದಪ್ಪ.

ಗಂಡಸರ ಕಡೆಯ ಬಾಗಿಲಿಗೂ ಅಂಥದೇ ಪಟ್ಟಿ ಬಂತು. ಆ ಟಾಕೀಸಿಗೆ ಬೆಂಕಿ ಬೀಳಲಿಲ್ಲ. ಮಲಕಪ್ಪ ಎದುರಾದಾಗಲೆಲ್ಲ, "ನೋಡ್ರಿ, ಬಿತ್ತೇನು?" ಎಂದು ಕೆಣಕುತ್ತಿದ್ದ. ಅಂದಪ್ಪ ನಗುತ್ತಿದ್ದ.

ಮರುವರ್ಷ ಅವನಿಗೆ ಬಾದಾಮಿಗೆ ವರ್ಗವಾಯಿತು. ಸಾಹೇಬರ ಮುನಿಸೋ, ಬರೀ ಸರದಿಯೋ ತಿಳಿಯಲಿಲ್ಲ. ಮಧ್ಯಾಹ್ನದ ನಿದ್ದೆ ಮಾತ್ರ ಮತ್ತೆ ಬರಲಿಲ್ಲ. ಅಲ್ಲಿ ಮೊದಲ ವಾರವೇ ಹೊಸದಾಗಿ ಕಟ್ಟಿದ ಒಂದು ಶಾಲೆಯ ಕಾಗದ ಮೇಜಿಗೆ ಬಂತು. ಆ ಬೆಳಗ್ಗೆಯಷ್ಟೇ ಅವನು ಕಟ್ಟಡ ನೋಡಿ ಬಂದಿದ್ದ. ಎಲ್ಲ ಸರಿಯಾಗಿತ್ತು. ಕ್ಲಾರ್ಕು ಪೆನ್ನು ಮುಂದೆ ಹಿಡಿದ.

"ಸಾಲಿ ಯಾವಾಗ ಸುರು ಆಗ್ತೈತಿ?"

"ಸೋಮವಾರ್ರಿ."

"ಸೋಮವಾರ ಹುಡುಗ್ರು ಒಳಗ ಕುಂತಾಗ ಮತ್ತೊಮ್ಮೆ ನೋಡ್ತೇನಿ. ಆಮ್ಯಾಲೆ ಸಹಿ" ಎಂದು ಅಂದಪ್ಪ ಕಾಗದವನ್ನು ಪಕ್ಕಕ್ಕೆ ಸರಿಸಿದ. ಹೊರಗೆ ಕಾದಿದ್ದ ಗುತ್ತಿಗೆದಾರ ಗೊಣಗುತ್ತ ಎದ್ದು ಹೋದ.