ಕಾಯಿ ಒಡೆಯುವ ಸಾಹೇಬರು

ಸ್ವಂತ ಕಂಪನಿ ಕಟ್ಟಿ ನಡೆಸಿದವನು ನಾನು, ಆಮೇಲೆ ಕೊಪ್ಪಳದ ಸ್ಟಾರ್ಟಪ್ ಕೇಂದ್ರವೊಂದರಲ್ಲಿ ಬೇರೆಯವರಿಗೆ ಕಂಪನಿ ಕಟ್ಟುವುದನ್ನು ಹೇಳಿಕೊಡುವ ನೌಕರಿ ಹಿಡಿದೆ. ಯಾರ ಮಷಿನ್ ಶುರುವಾದರೂ ಕಾಯಿ ಒಡೆಯಲು ನನಗೇ ಕರೆ. ಶಾಲು, ಪೇಢೆ, ಎರಡು ಮಾತು, ಮನೆಗೆ ವಾಪಸ್. ದುಡಿಮೆ ಅವರದು, ಹಾರ ನನ್ನದು!

ಕುಷ್ಟಗಿಯಲ್ಲಿ ಶೇಂಗಾ ಎಣ್ಣೆಯ ಗಾಣ ಹಾಕಿದ ಶಂಕ್ರವ್ವ ಒಮ್ಮೆ ಕೇಳಿಯೇಬಿಟ್ಟರು: "ಸಾಹೇಬ್ರ, ಎಲ್ಲಾರ ಮಷಿನಿಗೂ ಕಾಯಿ ಒಡೀತೀರಿ. ನಿಮ್ಮ ಮಷಿನ್ ಯಾವಾಗ್ರಿ?"

ಆ ತಿಂಗಳೇ ರಾಜೀನಾಮೆ ಕೊಟ್ಟೆ. ಗಂಗಾವತಿಯಲ್ಲಿ ಭತ್ತ ಒಣಗಿಸುವ ಕಂಪನಿ ಶುರುಮಾಡಿದೆ.

ಮೊದಲ ದಿನ ಇಸ್ತ್ರಿ ಅಂಗಿ ತೊಟ್ಟು, ರೂಢಿಯಂತೆ ಬಾಗಿಲ ಬಳಿ ಕೈಕಟ್ಟಿ ನಿಂತೆ. ಮಷಿನಿನ ಪೂಜೆ ಮುಗಿದರೂ ಕಾಯಿ ಒಡೆಯಲು ಯಾರೂ ನನ್ನನ್ನು ಕರೆಯಲಿಲ್ಲ. ಎಂಥ ಜನ ಇವರು ಎಂದು ಸಿಟ್ಟೂ ಬಂತು.

ನಾನೇ ಕರೆಸಿದ್ದ ಶಂಕ್ರವ್ವ ಬಿದ್ದು ಬಿದ್ದು ನಕ್ಕರು: "ಯಾರ ಹಾದಿ ನೋಡಾಕತ್ತೀರಿ? ಇವತ್ತ ಕರಿಯೋರು ನೀವ ಅದೀರಿ!"

ನಾನೂ ನಕ್ಕು, ಕಾಯಿಯನ್ನು ಅವರ ಕೈಗೇ ಕೊಟ್ಟೆ. ಒಂದೇ ಏಟಿಗೆ ಒಡೆದರು. ನೀರೆಲ್ಲ ನನ್ನ ಅಂಗಿಗೆ ಸಿಡಿಯಿತು. ಮಧ್ಯಾಹ್ನದೊಳಗೆ ಅದಕ್ಕೆ ಗ್ರೀಸೂ ಹತ್ತಿತು. ಇನ್ನು ಆ ಅಂಗಿ ತೊಟ್ಟರೆ ನನ್ನನ್ನು ಯಾರೂ ಕಾಯಿ ಒಡೆಯಲು ಕರೆಯುವುದಿಲ್ಲ.